ಎಂಟನೇ ಬಿಟ್‌ನಲ್ಲಿ ಸಿಕ್ಕಿಕೊಂಡ ಕಾಗದಗಳು: ವರ್ಡ್‌ಸ್ಟಾರ್, ನುಡಿ ಮತ್ತು ಮೇಲ್ ಬರೆಯುವ ಮರ್ಯಾದೆ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹಾರಿಸಿದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಉಳಿದಂತೆ ಮಾತು ಹೇಗಿತ್ತೋ ಹಾಗೇ ಇದೆ, ಅಡ್ಡದಾರಿಗಳ ಸಮೇತ.

ಠಾಣೆ ಸ್ಟೇಷನ್ನಿನಲ್ಲಿ ಎಲ್ಲರೂ ಪಶ್ಚಿಮಕ್ಕೆ ಇಳಿದು ಹೋಗ್ತಾರೆ. ಪೂರ್ವಕ್ಕೆ ಇಳಿದರೆ ಕೋಪರಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ಯಾಸೆಂಜರ್ ರೈಲು ಬಂದು ನಿಂತದ್ದು ಇದೇ ಠಾಣೆಗೆ. ಆದರೆ ನಮ್ಮ ಕೋಪರಿಯವರಿಗೆ ಆ ಇತಿಹಾಸಕ್ಕಿಂತ ಬೆಳಗಿನ ಸೇತುವೆ ಟ್ರಾಫಿಕ್ಕೇ ದೊಡ್ಡ ವಿಷಯ. ಕೋಳಿಗಳು, ದೇಶ ವಿಭಜನೆ ಆದಮೇಲೆ ಬಂದ ಸಿಂಧಿಗಳು, ಮರಾಠಿಯವರು, ಅವರ ನಡುವೆ ಅಲ್ಲೊಂದು ಇಲ್ಲೊಂದು ನಮ್ಮಂಥ ಕುಂದಾಪುರ ಕಡೆಯ ಮನೆ. ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಈಗ ಐರೋಲಿಯಲ್ಲಿ ಕೋಡ್ ಬರೆಯುವ ಕೆಲಸ.

ಅಪ್ಪಯ್ಯ ತೀರಿಕೊಂಡು ಎರಡು ವರ್ಷ ಆಯ್ತು. ಹೋದ ದೀಪಾವಳಿಗೆ ಮನೆ ಚೊಕ್ಕ ಮಾಡುವಾಗ ಲಾಫ್ಟ್ ಮೇಲೆ ಒಂದು ಬಿಸ್ಕೆಟ್ ಡಬ್ಬಿ ಸಿಕ್ಕಿತು. ಒಳಗೆ ಹನ್ನೊಂದು ಫ್ಲಾಪಿ, ಎಲ್ಲಾ ಮೂರೂವರೆ ಇಂಚಿನವು. ಪ್ರತಿಯೊಂದಕ್ಕೂ ಲೇಬಲ್, ಅದರ ಮೇಲೆ ಅಪ್ಪಯ್ಯನ ದುಂಡಗಿನ ಅಕ್ಷರ. ಯುಎಸ್‌ಬಿಗೆ ಹಾಕುವ ಫ್ಲಾಪಿ ಡ್ರೈವ್ ಒಂದನ್ನ ತರಿಸಿದೆ. ಹನ್ನೊಂದರಲ್ಲಿ ಏಳು ಓದಿದವು. ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಮುಂಬಯಿ ಮಳೆಗಾಲಕ್ಕೆ ಪುಸ್ತಕವೇ ತಡೆಯೋದಿಲ್ಲ, ಇನ್ನು ಫ್ಲಾಪಿ.

ಮೊದಲ ಫೈಲು ತೆರೆದಾಗ ಕಂಡದ್ದು ಇಂಗ್ಲಿಷ್ ಹೌದು, ಅಲ್ಲ ಎನ್ನುವಂಥ ಪಠ್ಯ. ಪದದ ಶುರು ಸರಿ, ನಡುವೆ ಸರಿ, ಕೊನೆಯ ಅಕ್ಷರ ಮಾತ್ರ ಎಲ್ಲೆಲ್ಲೋ. 'ಯುವರ್ ಲೆಟರ್' ಎಂದು ಇರಬೇಕಾದಲ್ಲಿ ಎರಡೂ ಪದದ ಕೊನೆಯ 'ಆರ್' ಮಾಯ, ಅಲ್ಲಿ ತಲೆ ಮೇಲೆ ಗೀರು ಇರುವ ಒಂದು 'ಓ'. ನೋಡಿದ ಕೂಡಲೇ ಗೊತ್ತಾಯ್ತು, ಇದು ವರ್ಡ್‌ಸ್ಟಾರ್.

ಯಾಕೆ ಹಾಗೆ ಅಂತ ಹೇಳ್ತೀನಿ, ಇವತ್ತಿನ ಇಡೀ ಕಥೆ ಇದರ ಮೇಲೇ ನಿಂತಿದೆ. ಒಂದು ಬೈಟ್ ಎಂದರೆ ಎಂಟು ಬಿಟ್. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆ ಎಲ್ಲಕ್ಕೂ ಆಸ್ಕಿ ಸಂಕೇತದಲ್ಲಿ ಏಳು ಬಿಟ್ ಸಾಕು, 128 ಮನೆ. ಎಂಟನೇ ಬಿಟ್ ಖಾಲಿ ಬಿದ್ದಿರುತ್ತೆ. ಮೆಮರಿ ಚಿನ್ನದಂತಿದ್ದ ಕಾಲ, ಖಾಲಿ ಜಾಗ ಯಾರು ಬಿಡ್ತಾರೆ? ವರ್ಡ್‌ಸ್ಟಾರ್ ಮಾಡಿದವರು ಆ ಎಂಟನೇ ಬಿಟ್ಟನ್ನ 'ಇಲ್ಲಿಗೆ ಪದ ಮುಗಿಯಿತು' ಎನ್ನುವ ಗುರುತಿಗೆ ಬಳಸಿದರು, ಸಾಲಿನ ಎರಡೂ ಅಂಚು ಸಮ ಮಾಡುವ ಲೆಕ್ಕಕ್ಕೆ. 'ಆರ್' ಅಕ್ಷರದ ಸಂಖ್ಯೆ 114. ಅದಕ್ಕೆ 128 ಕೂಡಿದರೆ 242. ಈಗಿನ ಕಂಪ್ಯೂಟರ್ ಆ 242ನ್ನ ಬೇರೊಂದು ಅಕ್ಷರ ಎಂದು ಓದುತ್ತೆ. ನಾಲ್ಕು ಸಾಲಿನ ಪೈಥಾನ್ ಬರೆದು ಎಲ್ಲ ಬೈಟ್‌ಗಳ ಎಂಟನೇ ಬಿಟ್ ಕಿತ್ತುಹಾಕಿದೆ. ಕಾಗದಗಳು ತೆರೆದುಕೊಂಡವು.

ವರ್ಡ್‌ಸ್ಟಾರ್ ಬಂದದ್ದು 1978ರಲ್ಲಿ. ಸೀಮೋರ್ ರೂಬಿನ್‌ಸ್ಟೈನ್ ಅವರ ಮೈಕ್ರೋಪ್ರೋ ಕಂಪನಿಗೆ ಅದನ್ನ ಬರೆದವರು ರಾಬ್ ಬಾರ್ನಬಿ. ಆಗಿನ ಎಷ್ಟೋ ಕೀಬೋರ್ಡುಗಳಲ್ಲಿ ಬಾಣದ ಗುಂಡಿಗಳೇ ಇರಲಿಲ್ಲ. ಅದಕ್ಕೆ ಕಂಟ್ರೋಲ್ ಒತ್ತಿ ಇ ಅಂದರೆ ಮೇಲೆ, ಎಕ್ಸ್ ಅಂದರೆ ಕೆಳಗೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಕೀಬೋರ್ಡ್ ನೋಡಿ, ನಾಲ್ಕೂ ಸೇರಿ ಒಂದು ವಜ್ರದ ಆಕಾರ ಆಗುತ್ತೆ. ಉಳಿಸಲು ಕಂಟ್ರೋಲ್ ಕೆ ಎಸ್, ಉಳಿಸಿ ಮೆನುಗೆ ಹೋಗಲು ಕಂಟ್ರೋಲ್ ಕೆ ಡಿ, ದಪ್ಪ ಅಕ್ಷರಕ್ಕೆ ಕಂಟ್ರೋಲ್ ಪಿ ಬಿ. ಹೊಸ ಪುಟ ಬೇಕೆಂದರೆ ಸಾಲಿನ ಮೊದಲಲ್ಲಿ ಒಂದು ಚುಕ್ಕೆ ಇಟ್ಟು ಪಿ ಎ. ಬೆರಳು ಅಕ್ಷರಗಳ ಸಾಲು ಬಿಟ್ಟು ಏಳಬೇಕಾಗಿಯೇ ಇಲ್ಲ. ಟೈಪಿಂಗ್ ಕಲಿತವರಿಗೆ ಅದು ವರ. ಜಾರ್ಜ್ ಮಾರ್ಟಿನ್ ತನ್ನ ದೊಡ್ಡ ದೊಡ್ಡ ಕಾದಂಬರಿಗಳನ್ನ ಇವತ್ತಿಗೂ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0ರಲ್ಲೇ ಬರೆಯೋದು ಎಂದು ಟೀವಿಯಲ್ಲಿ ಹೇಳಿದಾಗ ಜಗತ್ತೆಲ್ಲ ನಕ್ಕಿತು. ಅಪ್ಪಯ್ಯ ನಗಲಿಲ್ಲ. "ಸರಿಯೇ ಅಲ್ದಾ" ಅಂದರು.

ಅಪ್ಪಯ್ಯ ಟೈಪಿಂಗ್ ಕಲಿತದ್ದು ಕುಂದಾಪುರದಲ್ಲಿ. ಜೂನಿಯರ್, ಸೀನಿಯರ್ ಪರೀಕ್ಷೆ, ಜೊತೆಗೆ ಶಾರ್ಟ್‌ಹ್ಯಾಂಡ್. ಅದನ್ನ ಕಿಸೆಯಲ್ಲಿಟ್ಟುಕೊಂಡು ಮುಂಬಯಿಗೆ ಬಂದ ಸಾವಿರಾರು ಮಂದಿಯಲ್ಲಿ ಅವರೂ ಒಬ್ಬರು. ದಕ್ಷಿಣ ಕನ್ನಡದವರು ಎಂದರೆ ಹೋಟೆಲು ಅಂತ ಎಲ್ಲರೂ ಹೇಳ್ತಾರೆ, ಆಫೀಸುಗಳಲ್ಲಿ ಕೂತು ಬೆರಳು ಸವೆಸಿದ ಸ್ಟೆನೋಗಳ ಇತಿಹಾಸ ಯಾರೂ ಬರೆದ ಹಾಗೆ ಕಾಣೆ. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ. ಟೈಪ್‌ರೈಟರ್ ಹೋಗಿ ವರ್ಡ್‌ಸ್ಟಾರ್ ಬಂದಾಗ ನಲವತ್ತರ ಹತ್ತಿರ. ಕಲಿತರು.

ಫ್ಲಾಪಿಯಲ್ಲಿ ಸಿಕ್ಕ ಕಾಗದಗಳು ನೂರಕ್ಕೂ ಹೆಚ್ಚು. ಎಲ್ಲಾ ಇಂಗ್ಲಿಷ್, ಎಲ್ಲಾ ಆಫೀಸಿನವು. ನಾನು ಒಂದೊಂದೇ ಓದುತ್ತಾ ಹೋದೆ, ಅಪ್ಪಯ್ಯ ಎಲ್ಲಾದರೂ ಸಿಕ್ತಾರಾ ಅಂತ. ಎಲ್ಲದರ ಕೆಳಗೂ 'ಯುವರ್ಸ್ ಫೇತ್‌ಫುಲಿ', ಅದರ ಕೆಳಗೆ ಸಾಹೇಬರ ಹೆಸರು. ಅಪ್ಪಯ್ಯ ಇರೋದು ಎಡ ಮೂಲೆಯಲ್ಲಿ: ಹೇಳಿ ಬರೆಸಿದವರ ಹೆಸರಿನ ದೊಡ್ಡಕ್ಷರಗಳು, ಒಂದು ಓರೆಗೆರೆ, ಆಮೇಲೆ ಬೆರಳಚ್ಚು ಮಾಡಿದವರ ಸಣ್ಣಕ್ಷರಗಳು. ಆ ಕಾಲದ ಪದ್ಧತಿ ಅದು. ನೂರು ಕಾಗದದಲ್ಲಿ ಅಪ್ಪಯ್ಯನ ಪಾಲಿಗೆ ಬಂದದ್ದು ಎರಡೆರಡು ಅಕ್ಷರ.

ಆದರೂ ಆ ಕಾಗದಗಳನ್ನ ಓದಿ ಒಂದು ವಿಷಯ ಕಲಿತೆ. ನಾವು ಈಗ ಮೇಲ್‌ನಲ್ಲಿ ಮಾಡುವ ಅರ್ಧ ಕೆಲಸ ಅಲ್ಲಿಂದ ಬಂದದ್ದೇ. 'ಸಿಸಿ' ತಗೊಳ್ಳಿ. ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಒಂದು ಸಿಸಿ ಎಂದರೆ ಇನ್ನೊಂದು ತೆಳು ಹಾಳೆ, ಇನ್ನೊಂದು ಕಾರ್ಬನ್. ನಾಲ್ಕನೇ ಹಾಳೆಗೆ ಬರುವಷ್ಟರಲ್ಲಿ ಅಕ್ಷರ ಮಂಜು. ಒಂದು ತಪ್ಪಾದರೆ ಎಲ್ಲ ಹಾಳೆಯಲ್ಲೂ ಒಂದೊಂದಾಗಿ ಉಜ್ಜಬೇಕು. ಹಾಗಾಗಿ ಯಾರಿಗೆ ಕಾಪಿ ಕಳಿಸಬೇಕು ಅಂತ ಮೊದಲೇ ಯೋಚಿಸಲೇಬೇಕು. ಬಿಸಿಸಿ ಇನ್ನೂ ಮಜಾ. ಅಸಲು ಹಾಳೆ ಹೊರಗೆ ತೆಗೆದು, ಕಾಪಿ ಹಾಳೆಯನ್ನು ಮಾತ್ರ ಮತ್ತೆ ಉರುಳಿಗೆ ಸಿಕ್ಕಿಸಿ ಅದರ ಮೇಲೆ ಗುಟ್ಟಾಗಿ ಹೆಸರು ಹೊಡೆಯೋದು. 1982ರಲ್ಲಿ ಮೇಲ್‌ನ ಸ್ವರೂಪ ನಿಗದಿ ಮಾಡಿದ ಆರ್‌ಎಫ್‌ಸಿ 822 ಎನ್ನುವ ದಾಖಲೆ ಈ ಎರಡನ್ನೂ ಹಾಗೇ ಉಳಿಸಿಕೊಂಡಿತು. ಕಷ್ಟ ಮಾತ್ರ ಉಳಿಯಲಿಲ್ಲ. ಇವತ್ತು ನನ್ನ ಇನ್‌ಬಾಕ್ಸಿಗೆ ದಿನಕ್ಕೆ ಬರುವ ಮೇಲ್‌ಗಳಲ್ಲಿ ನನಗೆ ಸಂಬಂಧವೇ ಇಲ್ಲದ ಸಿಸಿಗಳು ಎಷ್ಟು ಅಂತ ಕೇಳಬೇಡಿ. ಒಂದೊಂದಕ್ಕೂ ಕಾರ್ಬನ್ ಉಜ್ಜಬೇಕಿದ್ದರೆ ಬರ್ತಿದ್ವಾ?

ವರ್ಡ್‌ಸ್ಟಾರ್‌ನಲ್ಲಿ ಮೇಲ್‌ಮರ್ಜ್ ಎನ್ನುವ ಸೌಕರ್ಯ ಇತ್ತು. ಹೆಸರು-ವಿಳಾಸಗಳದ್ದು ಒಂದು ಫೈಲು, ಕಾಗದದ್ದು ಇನ್ನೊಂದು. ಹೆಸರು ಬರಬೇಕಾದ ಜಾಗಕ್ಕೆ ಎರಡು ಕಡೆ ಆಂಪರ್‌ಸ್ಯಾಂಡ್ ಚಿಹ್ನೆ ಇಟ್ಟು ಗುರುತು. ವಿಳಾಸದಲ್ಲಿ ಒಂದು ಸಾಲು ಖಾಲಿ ಇದ್ದರೆ ಆ ಖಾಲಿ ಕಾಣದ ಹಾಗೆ ಮಾಡಲು ಓರೆಗೆರೆ ಹಾಕಿ ಒಂದು 'ಓ'. ಅಪ್ಪಯ್ಯನ ಫೈಲುಗಳಲ್ಲಿ ಎಲ್ಲೂ ಆ 'ಓ' ತಪ್ಪಿಲ್ಲ. ಐನೂರು ಜನರಿಗೆ ಹೋಗುವ ಕಾಗದವನ್ನ ಒಬ್ಬೊಬ್ಬರಿಗೇ ಹೊಡೆದಂತೆ ಕಾಣಿಸುವುದು, ಅದೂ ಒಂದು ಮರ್ಯಾದೆ ತಾನೆ.

ಕನ್ನಡದಲ್ಲಿ ಇದೇ ಕೆಲಸ ಮಾಡಿ ನೋಡಿ, ಸಿಕ್ಕಿಬೀಳ್ತೀರಿ. ಇಂಗ್ಲಿಷಿನಲ್ಲಿ 'ಡಿಯರ್' ಅಂತ ಹಾಕಿ ಹೆಸರು ಅಂಟಿಸಿದರೆ ಮುಗೀತು. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಹತ್ತಬೇಕು. ರಾಯರಿಗೆ, ಹೆಗ್ಡೆಯವರಿಗೆ, ಅಕ್ಕನಿಗೆ, ಅತ್ತೆಗೆ. ಖಾಲಿ ಬಿಟ್ಟ ಜಾಗಕ್ಕೆ ಯಂತ್ರ ಸಂಧಿ ಮಾಡೋದಿಲ್ಲ. ಸರ್ಕಾರಿ ಫಾರಂಗಳಲ್ಲಿ ಚುಕ್ಕೆಗೆರೆ ಆದಮೇಲೆ 'ರವರಿಗೆ' ಅಂತ ಒಂದು ಅನಾಥ ಪದ ನಿಂತಿರುತ್ತಲ್ಲ, ಅದು ಇದೇ ತಾಪತ್ರಯದ ಕೂಸು ಎಂದು ನನ್ನ ಗುಮಾನಿ. ಈಗ ಜನ ಕೈಯಲ್ಲಿ ಬರೆಯುವಾಗಲೂ 'ಶ್ರೀ ಹೆಗ್ಡೆ ರವರು' ಅಂತಾರೆ. ಯಂತ್ರದ ಕಷ್ಟ ನಮ್ಮ ವ್ಯಾಕರಣ ಆಗಿಹೋಯ್ತು.

ಹಳೆಯ ಸಾಫ್ಟ್‌ವೇರ್ ಬಗ್ಗೆ ಮಾತಾಡಿದರೆ ಎಲ್ಲರೂ ಆಹಾ ಅಂತಾರೆ. ನಾನು ಅಷ್ಟು ಆಹಾ ಅನ್ನೋದಿಲ್ಲ. ವರ್ಡ್‌ಸ್ಟಾರ್‌ನಲ್ಲಿ ಕಂಟ್ರೋಲ್ ವೈ ಒತ್ತಿದರೆ ಇಡೀ ಸಾಲು ಮಾಯ. ಮೊದಲ ಆವೃತ್ತಿಗಳಲ್ಲಿ ವಾಪಸ್ ತರುವ ದಾರಿಯೂ ಇರಲಿಲ್ಲ. ಫ್ಲಾಪಿ ಯಾವತ್ತು ಕೈ ಕೊಡುತ್ತೋ ದೇವರಿಗೇ ಗೊತ್ತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸದ್ದು ಕೇಳಿದವರಿಗೆ ಅದರ ನೆನಪು ಸವಿ ಅಂತ ಹೇಗೆ ಅನಿಸುತ್ತೋ. ಆದರೆ ಒಂದು: ಆ ಪರದೆಯಲ್ಲಿ ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ. ಬರೆದದ್ದು ಅಲ್ಲಿಂದಲೇ ಹಾರಿ ಯಾರ ಮುಂದೂ ಹೋಗಿ ನಿಲ್ಲುತ್ತಿರಲಿಲ್ಲ. ಮುದ್ರಿಸಬೇಕು, ಓದಬೇಕು, ಸಹಿ ಆಗಬೇಕು, ಲಕೋಟೆ ಅಂಟಿಸಬೇಕು. ಸಿಟ್ಟಿನಲ್ಲಿ ಬರೆದ ಕಾಗದ ತಣ್ಣಗಾಗಲು ನಾಲ್ಕು ಹಂತ ಇತ್ತು.

ಈಗ ಮೇಲ್‌ಗೆ ಬರೋಣ. ಭಾರತದಲ್ಲಿ ಮೇಲ್‌ನ ಮೊದಲ ಹೆಜ್ಜೆಗಳು ನಮ್ಮ ಈ ಸುತ್ತಮುತ್ತಲೇ ಬಿದ್ದವು ಅಂತ ಎಷ್ಟು ಜನರಿಗೆ ಗೊತ್ತು? ಎಂಬತ್ತರ ದಶಕದ ಎರಡನೇ ಅರ್ಧದಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಜೊತೆಗೆ ಮುಂಬಯಿ ಜುಹುವಿನ ಎನ್‌ಸಿಎಸ್‌ಟಿ ಇದ್ದವು. ಜುಹುವಿನಿಂದ ಪೊವಾಯಿಯ ಐಐಟಿಗೆ ಫೋನ್ ತಂತಿಯ ಮೇಲೆ ಡಯಲ್ ಮಾಡಿ ಮೇಲ್ ಕಳಿಸುತ್ತಿದ್ದರು. ಆ ಎನ್‌ಸಿಎಸ್‌ಟಿ 2003ರಲ್ಲಿ ಸಿ-ಡ್ಯಾಕ್‌ನೊಳಗೆ ಸೇರಿತು. ಅದರ ಒಂದು ಕ್ಯಾಂಪಸ್ ನವಿ ಮುಂಬಯಿಯ ಖಾರ್ಘರ್‌ನಲ್ಲಿದೆ. ಈ ಸಂಸ್ಥೆಯ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತೆ.

ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ಶೆಲ್ ಅಕೌಂಟ್ ಇದ್ದವರಿಗೆ ಚಿತ್ರ ಗಿತ್ರ ಏನಿಲ್ಲ, ಕಪ್ಪು ಪರದೆ, ಪೈನ್ ಎನ್ನುವ ಪ್ರೋಗ್ರಾಮಿನಲ್ಲಿ ಮೇಲ್. ಅದೇ ವರ್ಷ ಅಕ್ಟೋಬರಿನಲ್ಲಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಬರೆದ ಆರ್‌ಎಫ್‌ಸಿ 1855 ಬಂತು, ಅದು ಮೇಲ್‌ ಮತ್ತು ನೆಟ್ ಬಳಸುವವರ ಶಿಷ್ಟಾಚಾರದ ಕೈಪಿಡಿ. ಸಾಲು 65 ಅಕ್ಷರ ಮೀರಬಾರದು. ಸಹಿ ನಾಲ್ಕು ಸಾಲಿಗಿಂತ ಉದ್ದ ಬೇಡ. 50 ಕಿಲೋಬೈಟ್‌ಗಿಂತ ದೊಡ್ಡ ಫೈಲು ಕಳಿಸಬೇಡಿ. ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದ ಹಾಗೆ. ಸಿಟ್ಟು ಬಂದಿದ್ದರೆ ಉತ್ತರ ಕೊಡುವ ಮೊದಲು ಒಂದು ರಾತ್ರಿ ಕಳೆಯಲಿ. ಲಕೋಟೆ ಅಂಟಿಸುವ ಆ ನಾಲ್ಕು ಹಂತ ಇತ್ತಲ್ಲ, ಅದು ಹೋದದ್ದಕ್ಕೆ ಈ ಕೊನೆಯ ನಿಯಮ ಬರೆಯಬೇಕಾಯ್ತು ಅಂತ ನನಗೆ ಅನಿಸುತ್ತೆ.

ಆ ಕೈಪಿಡಿಯನ್ನ ಕನ್ನಡಕ್ಕೆ ಒಗ್ಗಿಸೋಕೆ ಹೋದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲವೇ ಇಲ್ಲ. ನಾವು ಕಿರುಚುವ ದಾರಿಯೇ ಬೇರೆ. 'ನೀವು' ಅಂತ ಬರೆಯುತ್ತಿದ್ದವರು 'ನೀನು' ಅಂತ ಬರೆದರೆ ಸಾಕು, ಪರದೆ ಬಿಸಿಯಾಗುತ್ತೆ. ಇನ್ನು ಕಾಗದದ ಶುರು. ತಂದೆಗೆ ತೀರ್ಥರೂಪ, ತಾಯಿಗೆ ಮಾತೃಶ್ರೀ, ಕಿರಿಯರಿಗೆ ಚಿರಂಜೀವಿ. ಆಮೇಲೆ 'ಉಭಯ ಕುಶಲೋಪರಿ ಸಾಂಪ್ರತ', ಎಂದರೆ ಎರಡೂ ಕಡೆ ಕ್ಷೇಮ ಎಂದುಕೊಂಡು ಈಗ ಮುಂದಿನ ಮಾತು. ಕೊನೆಗೆ ಇಂತಿ. ಇದರಲ್ಲಿ ಯಾವುದನ್ನ ಮೇಲ್‌ಗೆ ತರಬೇಕು, ಯಾವುದನ್ನ ಬಿಡಬೇಕು ಅಂತ ಯಾರೂ ನಿಯಮ ಮಾಡಲಿಲ್ಲ. ಮಾಡುವ ಹೊತ್ತಿಗೆ ನಮಗೆ ಬೇರೆ ತಲೆನೋವು ಇತ್ತು: ಕನ್ನಡ ಅಕ್ಷರ ಆ ಕಡೆ ತಲುಪುತ್ತಾ?

ಇಲ್ಲಿ ಎಂಟನೇ ಬಿಟ್ ವಾಪಸ್ ಬರುತ್ತೆ. ಕನ್ನಡಕ್ಕೆ ಜಾಗ ಎಲ್ಲಿ? ಏಳು ಬಿಟ್‌ನ 128 ಮನೆ ಇಂಗ್ಲಿಷಿಗೆ ಹೋಯ್ತು. ಉಳಿದದ್ದು ಎಂಟನೇ ಬಿಟ್ ಹಚ್ಚಿದರೆ ಸಿಗುವ ಮೇಲಿನ 128. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ಗೆ ಬಂದ ಜಿಸ್ಟ್ ತಂಡ ಡಾಸ್ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಕಾರ್ಡ್ ಮಾಡಿತು, ಅದರಿಂದ ಪರದೆಯ ಮೇಲೆ ಕನ್ನಡ ಬಂತು. ಅದರ ಹಿಂದಿನ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯ್ತು. ಅದೂ ಕೂತದ್ದು ಮೇಲಿನ 128ರಲ್ಲೇ. ವರ್ಡ್‌ಸ್ಟಾರ್ ತನ್ನ ಪದದ ಗುರುತಿಗೆ ಹಿಡಿದಿಟ್ಟ ಬಿಟ್ ಅದೇ. ಇನ್ನು ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ, 1982ರದ್ದು, ಏಳು ಬಿಟ್ ಮಾತ್ರ ಸಾಗಿಸುವೆ ಎಂದಿತ್ತು. ಎಂಟನೆಯದನ್ನ ದಾರಿಯಲ್ಲಿ ಕಿತ್ತುಬಿಡುವ ಸರ್ವರ್‌ಗಳೂ ಇದ್ದವು. ಅಂದರೆ ಇಂಗ್ಲಿಷ್ ಅಲ್ಲದ್ದೆಲ್ಲ ದಾರಿಯಲ್ಲೇ ಸೋರಿಹೋಗುತ್ತಿತ್ತು. 1992ರಲ್ಲಿ ಮೈಮ್ ಬಂದಮೇಲೆ ಅಕ್ಷರಗಳನ್ನ ಪೊಟ್ಟಣ ಕಟ್ಟಿ ಕಳಿಸುವ ದಾರಿ ಆಯ್ತು.

ಇಷ್ಟರಲ್ಲಿ ಇನ್ನೊಬ್ಬರು ಬೇರೆ ದಿಕ್ಕಿನಿಂದ ಯೋಚಿಸಿದ್ದರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಅವರ ಕೆಲಸದ ಬಹುಕಾಲ ಕಳೆದದ್ದು ಮುಂಬಯಿಯಲ್ಲಿ: ಟಿಐಎಫ್‌ಆರ್, ಟಾಟಾ ಪ್ರೆಸ್, ಆಮೇಲೆ ಮೊನೋಟೈಪ್. ಮೊಳೆ ಜೋಡಿಸುವ, ಫೋಟೋ ತೆಗೆದು ಅಕ್ಷರ ಕೂರಿಸುವ ಲೋಕವನ್ನ ಹತ್ತಿರದಿಂದ ಕಂಡವರು. ಟೈಪ್‌ರೈಟರಿನಲ್ಲಿ ಕನ್ನಡ ಎಂದರೆ ತುಂಡುಗಳು, ಒತ್ತು ಬೇರೆ, ಗುಡಿಸು ಬೇರೆ, ಕೊಂಬು ಬೇರೆ. ರಾವ್ ಅವರ ಆಲೋಚನೆ ಸರಳ: ಬೆರಳು ಉಚ್ಚಾರಣೆಯನ್ನ ಒತ್ತಲಿ, ಆಕಾರ ಕೂಡಿಸುವುದು ಕಂಪ್ಯೂಟರಿನ ಪಾಡು. 'ಕನ್ನಡ' ಎಂದು ಬರೆಯಲು ಐದು ಒತ್ತು: ಕ, ನ, ಅರ್ಧಾಕ್ಷರದ ಗುಂಡಿ, ನ, ಡ. ಅಷ್ಟೇ. ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಸೇಡಿಯಾಪು ಎನ್ನುವ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕಗಪ ಕೀಲಿಮಣೆ ಅದರಿಂದ ಬಂದದ್ದೇ. ನಿಮ್ಮ ಹತ್ತಿರ ಲಿನಕ್ಸ್ ಇದ್ದರೆ ಕೀಬೋರ್ಡ್ ಪಟ್ಟಿ ತೆಗೆದು ನೋಡಿ, ಕನ್ನಡಕ್ಕೆ ಮಾತ್ರ ಅಲ್ಲ, ಹಿಂದಿ, ಮರಾಠಿ, ಸಂಸ್ಕೃತಕ್ಕೂ 'ಕಗಪ' ಅಂತ ಒಂದು ಆಯ್ಕೆ ಇರುತ್ತೆ. ಆಫೀಸಿನಲ್ಲಿ ಮರಾಠಿ ಗೆಳೆಯರಿಗೆ ಇದನ್ನ ತೋರಿಸಿ ನಾನು ಬೀಗಿದ್ದುಂಟು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಆಗ ಎರಡೂ ಉಚಿತವಾಗಿದ್ದವು. ಹೊರನಾಡಿನಲ್ಲಿ ಕೂತ ನಮ್ಮಂಥವರಿಗೆ ಅದು ಎಷ್ಟು ದೊಡ್ಡದು ಅಂತ ಬೆಂಗಳೂರಿನವರಿಗೆ ಅರ್ಥ ಆಗೋದು ಕಷ್ಟ. ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯ ಸಣ್ಣ ಸಣ್ಣ ಕನ್ನಡ ಸಂಘಗಳಿಗೆ ಒಂದು ಆಮಂತ್ರಣ ಪತ್ರಿಕೆ ಕನ್ನಡದಲ್ಲಿ ಬೇಕೆಂದರೆ ಕನ್ನಡ ಅಕ್ಷರ ಇರುವ ಪ್ರೆಸ್ ಹುಡುಕಿಕೊಂಡು ಹೋಗಬೇಕಿತ್ತು. ಅಪ್ಪಯ್ಯ ಊರಿನವರ ಒಂದು ಸಣ್ಣ ಸಂಘದ ಕಾರ್ಯದರ್ಶಿ ಆಗಿದ್ದರು. 2002ರಲ್ಲಿ ಮನೆಗೆ ಕಂಪ್ಯೂಟರ್ ಬಂತು, ಬೆಂಗಳೂರಿನಿಂದ ಬಂದವರೊಬ್ಬರು ಸಿ.ಡಿ.ಯಲ್ಲಿ ನುಡಿ ತಂದುಕೊಟ್ಟರು. ಜೀವಮಾನವೆಲ್ಲ ಇಂಗ್ಲಿಷ್ ಹೊಡೆದ ಬೆರಳು ಐವತ್ತು ದಾಟಿದಮೇಲೆ ಮೊದಲ ಸಲ ಕನ್ನಡ ಹೊಡೆಯಿತು. ಒಂದು ವಾರದಲ್ಲಿ ಕಲಿತರು.

ಆದರೆ ಆ ನುಡಿಯ ಹಳೆಯ ಫಾಂಟುಗಳಲ್ಲಿ ಒಂದು ಮೋಸ ಇತ್ತು. ಅವು ಕಂಪ್ಯೂಟರಿಗೆ ಕನ್ನಡ ಎಂದು ಹೇಳುತ್ತಲೇ ಇರಲಿಲ್ಲ. ಒಳಗೆ ಯುರೋಪಿನ ಅಕ್ಷರಗಳ ಸಂಖ್ಯೆ, ಮೇಲೆ ಕನ್ನಡದ ವೇಷ. ಐದು ಒತ್ತಿನ 'ಕನ್ನಡ' ಒಳಗೆ ಏಳು ಸಂಕೇತವಾಗಿ ಕೂರುತ್ತಿತ್ತು. ವೇಷ ಕಳಚಿದರೆ, ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಕಾಣುವುದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀರಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀರಿನ ಎ, ಜರ್ಮನರ ಒಂದು ಎಸ್, ಸಣ್ಣ ಕ್ಯೂ, ಮತ್ತೊಂದು ಗೀರಿನ ಎ. ಇನ್ನೂ ವಿಚಿತ್ರ 'ಕರ್ನಾಟಕ'. ಅರ್ಕಾವತ್ತು ಕಣ್ಣಿಗೆ ಬಲಕ್ಕೆ ಕಾಣುತ್ತೆ ಅಂತ ಒಳಗೂ ಆಮೇಲೆಯೇ ಇಟ್ಟಿದ್ದರು. ಕಂಪ್ಯೂಟರಿನ ಹೊಟ್ಟೆಯಲ್ಲಿ ನಮ್ಮ ರಾಜ್ಯದ ಹೆಸರು 'ಕನಾರ್ಟಕ'. ಹುಡುಕಿದರೆ ಸಿಗೋದಿಲ್ಲ, ಅಕಾರಾದಿ ಜೋಡಿಸಿದರೆ ಜೋಡೋದಿಲ್ಲ.

ಹಾಗಾಗಿ ಕನ್ನಡಿಗರ ನಡುವೆ ಮೇಲ್‌ನದ್ದೇ ಒಂದು ಶಿಷ್ಟಾಚಾರ ಹುಟ್ಟಿತ್ತು. ಯಾವ ಆರ್‌ಎಫ್‌ಸಿಯಲ್ಲೂ ಅದು ಇಲ್ಲ. ಮೊದಲು ಕೇಳುವುದು: ನಿಮ್ಮಲ್ಲಿ ನುಡಿ ಇದೆಯಾ, ಬರಹ ಇದೆಯಾ, ಶ್ರೀಲಿಪಿಯಾ? ಇಲ್ಲ ಅಂದರೆ ಕಾಗದದ ಜೊತೆ ಫಾಂಟನ್ನೂ ಕಟ್ಟಿ ಕಳಿಸುವುದು, 50 ಕಿಲೋಬೈಟ್ ನಿಯಮ ಅಲ್ಲಿಗೆ ಗಾಳಿಗೆ. ಅದೂ ಆಗದಿದ್ದರೆ ಮುದ್ರಿಸಿ, ಸ್ಕ್ಯಾನ್ ಮಾಡಿ, ಚಿತ್ರವಾಗಿ ಕಳಿಸುವುದು. ಎಲ್ಲ ಬೇಜಾರಾದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಮರ್ಯಾದಸ್ಥರು ಕೊನೆಗೆ ಒಂದು ಸಾಲು ಸೇರಿಸುತ್ತಿದ್ದರು, ಓದಲು ಬಾರದಿದ್ದರೆ ದಯವಿಟ್ಟು ತಿಳಿಸಿ ಅಂತ.

2010. ನಾನು ಎಂಟೆಕ್ ಮಾಡಲು ಮನೆ ಬಿಟ್ಟು ಹೋಗಿದ್ದೆ. ಲ್ಯಾಬಿನಲ್ಲಿ ಲಿನಕ್ಸ್ ಯಂತ್ರಗಳು. ಒಂದು ದಿನ ಅಪ್ಪಯ್ಯನಿಂದ ಮೇಲ್. ತೆರೆದರೆ ಪಿ, ಗೀರಿನ ಎ, ಪೌಂಡು, ಪುಟದ ತುಂಬ. ನುಡಿಯಲ್ಲಿ ಹೊಡೆದು ಮೇಲ್‌ಗೆ ಅಂಟಿಸಿದ್ದರು. ಅವರ ಕಂಪ್ಯೂಟರಿನಲ್ಲಿ ಫಾಂಟ್ ಇದ್ದದ್ದರಿಂದ ಅಂಟಿಸಿದಾಗಲೂ ಕನ್ನಡ, ಕಳಿಸಿದ ಮೇಲೆ ನೋಡಿದರೂ ಕನ್ನಡ. ತಪ್ಪಾಗಿದೆ ಎಂದು ಅವರಿಗೆ ಗೊತ್ತಾಗಲು ದಾರಿಯೇ ಇಲ್ಲ. ನನಗೆ ಅವತ್ತು ಅಸೈನ್‌ಮೆಂಟ್ ಕೊಡುವ ದಿನ. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು ಹಾಕಿದೆ: ಫಾಂಟ್ ಬರ್ಲಿಲ್ಲ, ಇಂಗ್ಲಿಷಲ್ಲೇ ಕಳ್ಸಿ. ಅಪ್ಪಯ್ಯ ಎನ್ನುವ ಸಂಬೋಧನೆಯೂ ಇಲ್ಲ, ಕೆಳಗೆ ಹೆಸರೂ ಇಲ್ಲ.

ಮೂರು ದಿನ ಬಿಟ್ಟು ಇಂಗ್ಲಿಷಿನಲ್ಲಿ ಉತ್ತರ ಬಂತು. 'ಡಿಯರ್ ಸನ್' ಅಂತ ಶುರು. ಮುಂದಿನ ಸಾಲು, 'ವಿತ್ ರೆಫರೆನ್ಸ್ ಟು ಯುವರ್ ಮೇಲ್', ಅದಕ್ಕೆ ತಾರೀಖು. ಆಫೀಸಿನ ಕಾಗದದ ಅದೇ ಅಚ್ಚು. ಸಿಸಿ ನನ್ನ ತಂಗಿಗೆ. ಹಾಸ್ಟೆಲ್ಲಿನಲ್ಲಿ ಗೆಳೆಯರಿಗೆ ತೋರಿಸಿ ನಕ್ಕಿದ್ದೆವು. ಆಮೇಲೆ ಹನ್ನೆರಡು-ಹದಿಮೂರು ವರ್ಷ ನಮ್ಮಿಬ್ಬರ ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲೇ. ಫೋನಿನಲ್ಲಿ ಕುಂದಾಪ್ರ ಕನ್ನಡ, ಮೇಲ್‌ನಲ್ಲಿ 'ಪ್ಲೀಸ್ ಡೂ ದ ನೀಡ್‌ಫುಲ್'.

ಅದೇ 2010ರಲ್ಲಿ ನಾನು ಕೂತಿದ್ದ ಯಂತ್ರದಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಓಡುತ್ತಿತ್ತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತು, ಮೇಲಿನ 128ರಲ್ಲಿ ಬಾಡಿಗೆಗೆ ಇರಬೇಕಾದ ಅಗತ್ಯ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎನ್ನುವ ಕನ್ನಡ ಫಾಂಟ್ ಬಂದಿತ್ತು. ಆ ತುಂಗಾ ರೂಪುಗೊಂಡದ್ದು ಎಲ್ಲಿ ಗೊತ್ತಾ? ಜುಹುವಿನ ಅದೇ ಎನ್‌ಸಿಎಸ್‌ಟಿಯಲ್ಲಿ, ಮರಾಠಿ ಅಕ್ಷರ ಕಲಾವಿದ ಆರ್.ಕೆ. ಜೋಶಿ ಅವರ ಕೈಯಲ್ಲಿ. ದೇವನಾಗರಿಯ 'ಮಂಗಲ್' ಕೂಡ ಅವರದ್ದೇ. ತುಂಗಾ ಅಕ್ಷರ ತೆಳು, ಓದಲು ಕಣ್ಣಿಗೆ ಶ್ರಮ ಅಂತ ನಾವೆಲ್ಲ ಬೈದವರೇ. ಆದರೆ ಅದರಲ್ಲಿ ಹೊಡೆದಿದ್ದರೆ ಅಪ್ಪಯ್ಯನ ಮೇಲ್ ತಲುಪುತ್ತಿತ್ತು. ಕೋಪರಿಯ ಮನೆಯ ಕಂಪ್ಯೂಟರಿನಲ್ಲೂ ಅದು ಇತ್ತು, ವಿಂಡೋಸ್ ಸಿ.ಡಿ. ಹಾಕಿ ಒಂದು ಗುರುತು ಒತ್ತಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ಆ ರಜೆಗೆ ಮನೆಗೆ ಹೋದಾಗ ಮಾಡಲಿಲ್ಲ. ಅದರ ಮುಂದಿನ ರಜೆಗೂ ಇಲ್ಲ.

ಫ್ಲಾಪಿಯ ಕಾಗದಗಳಲ್ಲಿ ಅಪ್ಪಯ್ಯ ಸಿಗದೇ ಹೋದಾಗ ಈ ಮೇಲ್ ನೆನಪಾಯ್ತು. ಇನ್‌ಬಾಕ್ಸಿನಲ್ಲಿ ಇನ್ನೂ ಇತ್ತು. 'ಅಪ್ಪಯ್ಯ' ಎಂದು ಹುಡುಕಿದರೆ ಬರಲಿಲ್ಲ, ಬರುವುದು ಹೇಗೆ, ಅದರೊಳಗೆ ಕನ್ನಡವೇ ಇಲ್ಲವಲ್ಲ. ತಾರೀಖು ಹಿಡಿದು ಹೋಗಿ ತೆಗೆದೆ. ಹಳೆಯ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಈಗ ಪುಕ್ಕಟೆ ಸಿಗುತ್ತವೆ. ನಾನೇ ಒಂದು ಬರೆದು ನೋಡಿದೆ, ಕೆಲಸ ಗೊತ್ತಾಗಲಿ ಅಂತ. ಏಳು ಸಂಕೇತದ 'ಕನ್ನಡ' ಯೂನಿಕೋಡ್‌ನಲ್ಲಿ ಮತ್ತೆ ಐದಾಯ್ತು: ಕ, ನ, ಹಲಂತ, ನ, ಡ. ಕೆ.ಪಿ. ರಾವ್ ಅವರ ಐದು ಒತ್ತು, ಅದೇ ಕ್ರಮದಲ್ಲಿ. ಅರ್ಕಾವತ್ತುಗಳನ್ನ ಹಿಂದಕ್ಕೆ ಎಳೆದು ಕೂರಿಸಲು ಅರ್ಧ ರಾತ್ರಿ ಹಿಡಿಯಿತು.

ಮೇಲ್‌ನಲ್ಲಿ ದೊಡ್ಡ ವಿಷಯ ಏನೂ ಇಲ್ಲ. ಚಿರಂಜೀವಿಗೆ ಆಶೀರ್ವಾದಗಳು, ಉಭಯ ಕುಶಲೋಪರಿ ಸಾಂಪ್ರತ. ಅಮ್ಮನ ಮೊಣಕಾಲು ನೋವು ಕಡಿಮೆ. ಬಿಲ್ಡಿಂಗಿನ ನೀರಿನ ಪೈಪ್ ಒಡೆದು ಎರಡು ದಿನ ತೊಂದರೆ. ಊರಿನ ಗದ್ದೆಗೆ ಈ ಸಲ ಆಳು ಸಿಗಲಿಲ್ಲವಂತೆ. ದೀಪಾವಳಿಗೆ ಬರುವುದಾದರೆ ಮೊದಲೇ ತಿಳಿಸು, ಟಿಕೆಟ್ ನೋಡಬಹುದು. ಆಮೇಲೆ ಕೊನೆಯ ಪ್ಯಾರಾ. ಕನ್ನಡದಲ್ಲಿ ಮೇಲ್ ಮಾಡುತ್ತಿರುವುದು ಇದೇ ಮೊದಲು, ಯಾರನ್ನೂ ಕೇಳದೆ ಮಾಡಿದ್ದೇನೆ, ನೀನು ಕಂಪ್ಯೂಟರ್ ಓದಿದವನು, ತಪ್ಪಿದ್ದರೆ ಹೇಳಿಕೊಡು, ತಲುಪಿದ್ದಕ್ಕೆ ಒಂದು ಸಾಲು ಬರೆ ಎಂದಿತ್ತು. ಕೆಳಗೆ ಇಂತಿ ಎಂದು ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಅಮ್ಮನಿಗೆ ಓದಿ ಹೇಳಿದೆ. ಪೈಪ್ ಒಡೆದದ್ದು ಎರಡಲ್ಲ, ಮೂರು ದಿನ ಅಂದರು.

ಓದಲಾಗದ ನಾಲ್ಕು ಫ್ಲಾಪಿ ಇನ್ನೂ ಡಬ್ಬಿಯಲ್ಲಿವೆ. ಮೂರರ ಲೇಬಲ್ ಮೇಲೆ ಆಫೀಸಿನ ಇಲಾಖೆಯ ಹೆಸರು. ನಾಲ್ಕನೆಯದರ ಮೇಲೆ ಕನ್ನಡದಲ್ಲಿ 'ಸ್ವಂತ' ಎಂದಿದೆ. ಬೂಷ್ಟು ತೆಗೆದು ಮೇಲ್ಮೈ ತೊಳೆದು ಓದಿಸುವ ಅನುಭವ ಇದ್ದವರು ಠಾಣೆ, ಡೊಂಬಿವಲಿ, ನವಿ ಮುಂಬಯಿ ಕಡೆ ಯಾರಾದರೂ ಇದ್ದರೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಯಾವ ಫಾಂಟಾದರೂ ನಡೆಯುತ್ತೆ.